ನ್ಯೂಯಾರ್ಕಿನ ಪೋಷಕ ನಟರು: ಒಂದು ಕಸುಬಿನ ಚರಿತ್ರೆ

ಅಮೆರಿಕದ ಸಿನಿಮಾ ಮತ್ತು ಟೆಲಿವಿಷನ್ ಧಾರಾವಾಹಿಗಳಲ್ಲಿ ನಾಯಕ ನಾಯಕಿಯರ ಸುತ್ತ ಒಂದು ಊರೇ ನೆರೆದಿರುತ್ತದೆ. ಪತ್ತೇದಾರ, ನ್ಯಾಯಾಧೀಶ, ಟ್ಯಾಕ್ಸಿ ಚಾಲಕ, ಬಾಡಿಗೆಗೆ ಪೀಡಿಸುವ ಮನೆ ಮಾಲೀಕ, ಎಲ್ಲದಕ್ಕೂ ಮೂಗು ತೂರಿಸುವ ನೆರೆಮನೆಯಾಕೆ, ಸಾಲ ವಸೂಲಿಗೆ ಬರುವ ಪುಂಡ ಎಲ್ಲರೂ ಅಲ್ಲಿರುತ್ತಾರೆ. ಇಂಥ ಪಾತ್ರಗಳಲ್ಲೇ ಆಯುಷ್ಯ ಸವೆಸಿದ ಪೋಷಕ ನಟರಲ್ಲಿ ನ್ಯೂಯಾರ್ಕ್ ನಗರದವರದು ಬೇರೆಯದೇ ಪರಂಪರೆ. ಹಾಲಿವುಡ್ಡಿನ ಪೋಷಕ ನಟ ಬಹುಕಾಲ ಸ್ಟುಡಿಯೋದ ಸಂಬಳದಾರನಾಗಿದ್ದ. ನ್ಯೂಯಾರ್ಕಿನವನಿಗೆ ಆ ಆಸರೆ ಇರಲಿಲ್ಲ. ಸಂಜೆ ನಾಟಕ, ಹಗಲು ರೇಡಿಯೊ ಅಥವಾ ಟಿವಿ, ನಡುವೆ ಒಂದು ಜಾಹೀರಾತು, ಅದೃಷ್ಟವಿದ್ದರೆ ಸಿನಿಮಾದಲ್ಲಿ ಎರಡು ದೃಶ್ಯ, ಹೀಗೆ ನಾಲ್ಕು ಕಡೆಯ ಚಿಲ್ಲರೆ ಕೂಡಿ ಅವನ ಸಂಸಾರ ನಡೆಯುತ್ತಿತ್ತು. ಈ ಕೆಲಸಗಳೆಲ್ಲ ಒಂದೇ ಊರಿನಲ್ಲಿ, ಸುರಂಗ ರೈಲಿನ ಕೆಲವೇ ನಿಲ್ದಾಣಗಳ ಅಂತರದಲ್ಲಿ ಸಿಗುತ್ತಿದ್ದುದರಿಂದಲೇ ಅಲ್ಲಿ ಈ ಕಸುಬು ಬೇರುಬಿಟ್ಟಿತು. ಅವುಗಳಲ್ಲಿ ಒಂದೊಂದು ಊರು ಬಿಟ್ಟು ಹೋದಾಗಲೂ, ಮರಳಿ ಬಂದಾಗಲೂ ಕಸುಬಿನ ಸ್ವರೂಪ ಬದಲಾಗುತ್ತ ಬಂತು.

ಸಿನಿಮಾ ಎಂಬುದು ಮೊದಲಿಗೆ ಈ ಊರಿನ ಉದ್ಯಮವೇ ಆಗಿತ್ತು. 20ನೇ ಶತಮಾನದ ಮೊದಲ ದಶಕದಲ್ಲಿ ಬಯೋಗ್ರಾಫ್ ಕಂಪನಿಯ ಸ್ಟುಡಿಯೋ ಮ್ಯಾನ್‌ಹಟನ್ನಿನ 14ನೇ ಬೀದಿಯ ಒಂದು ಮನೆಯಲ್ಲಿತ್ತು. ವೈಟಗ್ರಾಫ್ ಬ್ರೂಕ್ಲಿನ್‌ನಲ್ಲಿತ್ತು. ಹಡ್ಸನ್ ನದಿಯ ಆಚೆ ದಡದ ಫೋರ್ಟ್ ಲೀ ಪಟ್ಟಣದಲ್ಲಿ ಹತ್ತಾರು ಕಂಪನಿಗಳು ಚಿತ್ರೀಕರಣ ನಡೆಸುತ್ತಿದ್ದವು. ಡಿ.ಡಬ್ಲ್ಯು. ಗ್ರಿಫಿತ್ ಬಯೋಗ್ರಾಫ್‌ಗೆ ಸೇರಿದ 1908ರ ಸುಮಾರಿಗೆ ನಟರ ದಿನಗೂಲಿ 5 ಡಾಲರ್. ಕಂಪನಿ ಅವರ ಹೆಸರನ್ನು ಪ್ರಕಟಿಸುತ್ತಿರಲಿಲ್ಲ. ಹೆಸರು ತಿಳಿಯದೆ ಹೋದರೆ ಒಳ್ಳೆಯದೇ ಎಂದು ನಾಟಕದವರಿಗೂ ಅನ್ನಿಸುತ್ತಿತ್ತು, ಏಕೆಂದರೆ ರಂಗಭೂಮಿಯಲ್ಲಿ ಕೆಲಸವಿಲ್ಲದವರು ಮಾತ್ರ ಕ್ಯಾಮೆರಾದ ಮುಂದೆ ನಿಲ್ಲುತ್ತಾರೆ ಎಂಬ ಭಾವನೆ ಆಗ ಗಟ್ಟಿಯಾಗಿತ್ತು. ಬಿಸಿಲು, ಅಗ್ಗದ ಜಾಗ ಮೊದಲಾದ ಕಾರಣಗಳಿಂದ ಉದ್ಯಮ ಕ್ಯಾಲಿಫೋರ್ನಿಯಾಕ್ಕೆ ಗುಳೆ ಹೊರಟ ಮೇಲೂ ಒಂದು ದೊಡ್ಡ ಸ್ಟುಡಿಯೋ ನ್ಯೂಯಾರ್ಕಿನಲ್ಲಿ ಉಳಿಯಿತು. 1920ರಲ್ಲಿ ಕ್ವೀನ್ಸ್ ಭಾಗದ ಅಸ್ಟೋರಿಯಾದಲ್ಲಿ ತೆರೆದ ಅದು ಮುಂದೆ ಪ್ಯಾರಾಮೌಂಟ್ ಎಂದಾದ ಕಂಪನಿಯದು. ಅದಕ್ಕಿದ್ದ ಅನುಕೂಲ ಒಂದೇ, ನಗರದ ದೊಡ್ಡ ರಂಗಮಂದಿರಗಳ ನೆಲೆಯಾದ ಬ್ರಾಡ್‌ವೇ ನಟರು ಹತ್ತಿರದಲ್ಲಿದ್ದರು. ಮಾರ್ಕ್ಸ್ ಸಹೋದರರು 1929ರಲ್ಲಿ ತಮ್ಮ ಮೊದಲ ಟಾಕಿ ‘ದಿ ಕೋಕೊನಟ್ಸ್’ ಅನ್ನು ಹಗಲು ಅಸ್ಟೋರಿಯಾದಲ್ಲಿ ಚಿತ್ರೀಕರಿಸಿ, ರಾತ್ರಿ ಬ್ರಾಡ್‌ವೇನಲ್ಲಿ ‘ಆ್ಯನಿಮಲ್ ಕ್ರ್ಯಾಕರ್ಸ್’ ಆಡುತ್ತಿದ್ದರು. ಪ್ಯಾರಾಮೌಂಟ್ 1932ರಲ್ಲಿ ಜಾಗ ಖಾಲಿ ಮಾಡಿತು. ಯುದ್ಧಕಾಲದಲ್ಲಿ ಆ ಕಟ್ಟಡ ಸೇನೆಯ ತರಬೇತಿ ಚಿತ್ರಗಳ ಕೇಂದ್ರವಾಯಿತು.

1930ರ ದಶಕದಲ್ಲಿ ಹಾಲಿವುಡ್ ಪೋಷಕ ನಟನೆಗೆ ಮನ್ನಣೆಯನ್ನೂ ಕಟ್ಟುಪಾಡನ್ನೂ ಒಟ್ಟಿಗೆ ತಂದಿತು. 1936ರ ಚಿತ್ರಗಳಿಗಾಗಿ 1937ರಲ್ಲಿ ನಡೆದ ಆಸ್ಕರ್ ಸಮಾರಂಭದಲ್ಲಿ ಪೋಷಕ ನಟ ನಟಿಯರಿಗೆ ಮೊದಲ ಬಾರಿ ಬಹುಮಾನ ಕೊಟ್ಟರು. ವಾಲ್ಟರ್ ಬ್ರೆನನ್ ಮತ್ತು ಗೇಲ್ ಸಾಂಡರ್‌ಗಾರ್ಡ್ ಅದನ್ನು ಪಡೆದವರು. ನಾಯಕ ನಾಯಕಿಯರಿಗೆ ಸಿಕ್ಕ ಚಿನ್ನದ ಬಣ್ಣದ ಪ್ರತಿಮೆ ಇವರಿಗೆ ಸಿಗಲಿಲ್ಲ, ಸಿಕ್ಕಿದ್ದು ಫಲಕ. ಪ್ರತಿಮೆ ಕೈಗೆ ಬರಲು 1940ರ ದಶಕದವರೆಗೆ ಕಾಯಬೇಕಾಯಿತು. ಸ್ಟುಡಿಯೋಗಳು ಬಟ್ಲರ್, ಶೆರಿಫ್, ಹಳ್ಳಿ ಡಾಕ್ಟರ್ ಪಾತ್ರಗಳಿಗೆಂದೇ ನಟರನ್ನು ವಾರದ ಸಂಬಳದ ಮೇಲೆ ಇಟ್ಟುಕೊಂಡಿದ್ದವು. ಹೊಟ್ಟೆಗೆ ಕೊರತೆ ಇರಲಿಲ್ಲ, ಆದರೆ ಒಮ್ಮೆ ಬಟ್ಲರ್ ಆದವನಿಗೆ ಕೊನೆಯವರೆಗೂ ಬಟ್ಲರ್‌ಗಿರಿ ತಪ್ಪುತ್ತಿರಲಿಲ್ಲ.

ನ್ಯೂಯಾರ್ಕಿನವರು ಬೇರೆ ದಾರಿ ಹಿಡಿದಿದ್ದರು. ರಂಗನಟರ ಸಂಘವಾದ ಆ್ಯಕ್ಟರ್ಸ್ ಈಕ್ವಿಟಿ 1913ರಲ್ಲಿ ಹುಟ್ಟಿ, 1919ರ ಆಗಸ್ಟ್‌ನಲ್ಲಿ ಒಂದು ತಿಂಗಳು ಮುಷ್ಕರ ಹೂಡಿ ಬ್ರಾಡ್‌ವೇ ಮಾಲೀಕರನ್ನು ಮಣಿಸಿತ್ತು. ಸಂಬಳವಿಲ್ಲದ ತಾಲೀಮು, ಹೇಳದೆ ಕೇಳದೆ ನಾಟಕ ನಿಲ್ಲಿಸಿ ನಟರನ್ನು ದೂರದೂರಿನಲ್ಲಿ ಕೈಬಿಡುವುದು ಇವೆಲ್ಲ ಅದರಿಂದ ಹಿಡಿತಕ್ಕೆ ಬಂದವು. 1930ರ ದಶಕದಲ್ಲಿ ರೇಡಿಯೊ ನಾಟಕಗಳು ಇನ್ನೊಂದು ಅನ್ನದ ದಾರಿ ತೆರೆದವು. ಅಲ್ಲಿ ಮುಖ ಲೆಕ್ಕಕ್ಕಿರಲಿಲ್ಲ. ಒಬ್ಬನೇ ನಟ ಬೆಳಗ್ಗೆ ಪಾದ್ರಿಯಾಗಿ, ಮಧ್ಯಾಹ್ನ ಕೊಲೆಗಾರನಾಗಿ ಮಾತಾಡಬಹುದಿತ್ತು. ರೇಡಿಯೊ ಕಲಾವಿದರ ಸಂಘ 1937ರಲ್ಲಿ ಸ್ಥಾಪನೆಯಾಯಿತು.

ಈ ಶಾಲೆಯಿಂದ ಬಂದವರಲ್ಲಿ ಥೆಲ್ಮಾ ರಿಟರ್ ಎದ್ದು ಕಾಣುತ್ತಾರೆ. 1902ರಲ್ಲಿ ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಆಕೆ ನಾಟಕ, ರೇಡಿಯೊಗಳಲ್ಲಿ ದುಡಿದು, ನಡುವಯಸ್ಸು ದಾಟಿದ ಮೇಲೆ ಸಿನಿಮಾಕ್ಕೆ ಬಂದವರು. 1947ರ ‘ಮಿರಾಕಲ್ ಆನ್ 34ತ್ ಸ್ಟ್ರೀಟ್’ ಚಿತ್ರದಲ್ಲಿ ಮಗನಿಗೆ ಬೇಕಾದ ಆಟಿಕೆ ಸಿಗದೆ ಸುಸ್ತಾದ ತಾಯಿಯಾಗಿ ಮೇಸೀಸ್ ಅಂಗಡಿಯಲ್ಲಿ ಕೆಲವೇ ನಿಮಿಷ ಕಾಣಿಸಿಕೊಂಡರು. ತೆರೆಯ ಮೇಲೆ ಹೆಸರೂ ಇರಲಿಲ್ಲ. ಆ ತುಣುಕನ್ನು ನೋಡಿದ ಸ್ಟುಡಿಯೋ ಮುಖ್ಯಸ್ಥ ಡ್ಯಾರಿಲ್ ಝನಕ್ ಪಾತ್ರವನ್ನು ಬೆಳೆಸಲು ಹೇಳಿದ. ಅಲ್ಲಿಂದ ಹದಿನೈದು ವರ್ಷಗಳಲ್ಲಿ ಆರು ಬಾರಿ ರಿಟರ್ ಹೆಸರು ಪೋಷಕ ನಟಿಯ ಆಸ್ಕರ್‌ಗೆ ನಾಮನಿರ್ದೇಶನವಾಯಿತು, ಒಮ್ಮೆಯೂ ಬಹುಮಾನ ಬರಲಿಲ್ಲ. ಬ್ರೂಕ್ಲಿನ್ ಉಚ್ಚಾರಣೆಯನ್ನು ತಿದ್ದಿಕೊಳ್ಳದೆಯೇ ಆಕೆ ಹಾಲಿವುಡ್ಡಿನಲ್ಲಿ ನಿಂತರು. ಉಳಿದವರು ನಟಿಸುತ್ತಿದ್ದರೆ ಈಕೆ ಪಕ್ಕದ ಮನೆಯಿಂದ ಎದ್ದುಬಂದಂತೆ ಕಾಣುತ್ತಿದ್ದುದಕ್ಕೆ ಆ ಮಾತಿನ ಧಾಟಿಯೇ ಮುಖ್ಯ ಕಾರಣ.

ಪೋಷಕ ನಟರ ನಿಜವಾದ ಸುಗ್ಗಿ ಬಂದದ್ದು ಟೆಲಿವಿಷನ್ನಿನಿಂದ. ಎರಡನೇ ಮಹಾಯುದ್ಧ ಮುಗಿದಾಗ ಪ್ರಸಾರ ಜಾಲಗಳ ಕೇಂದ್ರ ನ್ಯೂಯಾರ್ಕ್. ನಾಟಕಗಳನ್ನು ಸ್ಟುಡಿಯೋದಿಂದ ನೇರವಾಗಿ ಪ್ರಸಾರ ಮಾಡುತ್ತಿದ್ದರು. 1947ರಲ್ಲಿ ‘ಕ್ರಾಫ್ಟ್ ಟೆಲಿವಿಷನ್ ಥಿಯೇಟರ್’, 1948ರಲ್ಲಿ ‘ಫಿಲ್ಕೊ ಟೆಲಿವಿಷನ್ ಪ್ಲೇಹೌಸ್’ ಮತ್ತು ‘ಸ್ಟುಡಿಯೋ ಒನ್’ ಶುರುವಾದವು. ಎನ್‌ಬಿಸಿಯ ಸ್ಟುಡಿಯೋಗಳು ರಾಕ್‌ಫೆಲರ್ ಸೆಂಟರಿನಲ್ಲಿದ್ದರೆ, ಸಿಬಿಎಸ್‌ನವು ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದ ಮೇಲಂತಸ್ತಿನಲ್ಲಿದ್ದವು. ಬಾಡಿಗೆ ಸಭಾಂಗಣದಲ್ಲಿ ತಾಲೀಮು ಮುಗಿಸಿ, ಗೊತ್ತಾದ ರಾತ್ರಿ ಒಂದು ಗಂಟೆಯ ನಾಟಕವನ್ನು ದೇಶಕ್ಕೆ ದೇಶವೇ ನೋಡುವಂತೆ ಆಡಿ ಮುಗಿಸಬೇಕಿತ್ತು. ಮಾತು ಮರೆತರೆ ಮತ್ತೊಂದು ಟೇಕ್ ಎಂಬುದಿಲ್ಲ. ಹೀಗಾಗಿ ಮರೆತವನನ್ನು ಸಂಭಾಳಿಸಿ ದೃಶ್ಯ ಮುಂದಕ್ಕೆ ಎಳೆಯಬಲ್ಲ ರಂಗನಟರಿಗೆ ಬೇಡಿಕೆ ಹೆಚ್ಚಿತು. ಈ ಜಾಣ್ಮೆ ಚೆಂದದ ಮುಖಕ್ಕಿಂತ ಹೆಚ್ಚು ಬೆಲೆ ಬಾಳುತ್ತಿದ್ದ ಕಾಲ ಅಮೆರಿಕದ ಮನರಂಜನಾ ಉದ್ಯಮದಲ್ಲಿ ಅದೊಂದೇ ಇರಬಹುದು.

ಕಿರುತೆರೆಯ ಗಾತ್ರವೂ ಇವರಿಗೆ ಒದಗಿಬಂತು. ಆ ಪುಟ್ಟ ಪರದೆಯಲ್ಲಿ ದಂಡು, ಕುದುರೆ, ಅರಮನೆ ಹಿಡಿಸುವುದಿಲ್ಲ, ಮುಖ ಮಾತ್ರ ಹಿಡಿಸುತ್ತದೆ. ಬರಹಗಾರರು ಅಡುಗೆಮನೆ, ಕಚೇರಿ, ಬಾರುಗಳಲ್ಲಿ ನಡೆಯುವ ಸಾಮಾನ್ಯರ ಕತೆ ಬರೆದರು. 1953ರ ಮೇ 24ರಂದು ಪ್ರಸಾರವಾದ ಪ್ಯಾಡಿ ಚಯೆಫ್‌ಸ್ಕಿಯ ‘ಮಾರ್ಟಿ’ ಇದಕ್ಕೆ ಮಾದರಿ. ಬ್ರಾಂಕ್ಸ್‌ನ ಒಬ್ಬ ಕಟುಕ, ನೋಡಲು ಸುಂದರನಲ್ಲ, ಮದುವೆಯಾಗಿಲ್ಲ, ಶನಿವಾರ ಸಂಜೆಗಳನ್ನು ಹೇಗೆ ಕಳೆಯಬೇಕೆಂದು ತೋಚದವನು. ಸಾಮಾನ್ಯವಾಗಿ ನಾಯಕನ ಗೆಳೆಯನಿಗೆ ಮೀಸಲಾದ ಚಹರೆ ಇಲ್ಲಿ ಕತೆಯ ನಡುವೆ ಬಂದು ನಿಂತಿತು. ಟಿವಿಯಲ್ಲಿ ರಾಡ್ ಸ್ಟೈಗರ್, ಅವನ ಜೊತೆ ನ್ಯಾನ್ಸಿ ಮರ್ಶಾಂಡ್ ನಟಿಸಿದರು. 1955ರ ಸಿನಿಮಾದಲ್ಲಿ ಅದೇ ಪಾತ್ರ ಮಾಡಿದ ಅರ್ನೆಸ್ಟ್ ಬೋರ್ಗ್‌ನೈನ್‌ಗೆ ಆಸ್ಕರ್ ಸಿಕ್ಕಿತು, ಅದೂ ನಾಯಕ ನಟನ ವಿಭಾಗದಲ್ಲಿ.

ಇನ್ನೊಂದು ಉದಾಹರಣೆ ರೆಜಿನಾಲ್ಡ್ ರೋಸ್ ಬರೆದ ‘ಟ್ವೆಲ್ವ್ ಆ್ಯಂಗ್ರಿ ಮೆನ್’. 1954ರ ಸೆಪ್ಟೆಂಬರ್ 20ರಂದು ‘ಸ್ಟುಡಿಯೋ ಒನ್’ನಲ್ಲಿ ನೇರಪ್ರಸಾರವಾದ ಈ ನಾಟಕವನ್ನು 1957ರಲ್ಲಿ ಸಿಡ್ನಿ ಲ್ಯೂಮೆಟ್ ಸಿನಿಮಾ ಮಾಡಿದರು. ಲ್ಯೂಮೆಟ್ ಯಿಡ್ಡಿಷ್ ರಂಗಭೂಮಿಯ ನಟನ ಮಗ, ಬಾಲನಟನಾಗಿ ಬೆಳೆದು ಸಿಬಿಎಸ್‌ನ ನೇರಪ್ರಸಾರಗಳಲ್ಲಿ ಪಳಗಿದವರು. ಒಂದು ಕೋಣೆ, ಒಂದು ಮೇಜು, ಹನ್ನೆರಡು ಮಂದಿ ಜ್ಯೂರಿಗಳು. ಹೆನ್ರಿ ಫೋಂಡಾ ಒಬ್ಬನೇ ತಾರೆ. ಉಳಿದ ಹನ್ನೊಂದು ಕುರ್ಚಿಗಳಲ್ಲಿ ಲೀ ಜೆ. ಕಾಬ್, ಇ.ಜಿ. ಮಾರ್ಷಲ್, ಜ್ಯಾಕ್ ವಾರ್ಡನ್, ಎಡ್ ಬೆಗ್ಲಿ, ಮಾರ್ಟಿನ್ ಬಾಲ್ಸಮ್, ಜ್ಯಾಕ್ ಕ್ಲಗ್‌ಮನ್, ಜಾನ್ ಫೀಡ್ಲರ್ ಮುಂತಾದವರು ಕೂತಿದ್ದರು. ನ್ಯೂಯಾರ್ಕಿನ ರಂಗಮಂದಿರ ಮತ್ತು ಟಿವಿ ಸ್ಟುಡಿಯೋಗಳ ಹಾಜರಿ ಪುಸ್ತಕವೇ ಅಲ್ಲಿ ತೆರೆದಿಟ್ಟಂತಿದೆ. ಮುದುಕನ ಪಾತ್ರದ ಜೋಸೆಫ್ ಸ್ವೀನಿ ಮತ್ತು ಗಡಿಯಾರ ರಿಪೇರಿಯವನಾದ ಜಾರ್ಜ್ ವೊಸ್ಕೊವೆಟ್ಸ್ ಟಿವಿ ಪ್ರಯೋಗದಲ್ಲೂ ಅದೇ ಪಾತ್ರ ಮಾಡಿದ್ದವರು. ವೊಸ್ಕೊವೆಟ್ಸ್ ಪ್ರಾಗ್ ನಗರದ ರಂಗಭೂಮಿಯಲ್ಲಿ ದೊಡ್ಡ ತಾರೆಯಾಗಿದ್ದು ನಾಜಿಗಳ ಕಾಲದಲ್ಲಿ ದೇಶ ಬಿಟ್ಟವರು. ಅಮೆರಿಕದಲ್ಲಿ ಅವರಿಗೆ ಸಿಕ್ಕಿದ್ದು ವಲಸಿಗರ ಪೋಷಕ ಪಾತ್ರಗಳು. ಈ ಕತೆಯ ಬೇರು ಕರ್ನಾಟಕದವರೆಗೂ ಚಾಚಿದೆ. 1986ರಲ್ಲಿ ಬಾಸು ಚಟರ್ಜಿ ಇದನ್ನು ಹಿಂದಿಯಲ್ಲಿ ‘ಏಕ್ ರುಕಾ ಹುವಾ ಫೈಸಲಾ’ ಎಂದು ತೆಗೆದರು, 2012ರ ಕನ್ನಡ ಚಿತ್ರ ‘ದಶಮುಖ’ಕ್ಕೂ ಮೂಲ ಇದೇ. ಪೋಷಕ ನಟರ ಮೇಲೆಯೇ ನಿಲ್ಲುವ ಚಿತ್ರಕತೆಗೆ ಭಾಷೆ ದಾಟುವುದು ಕಷ್ಟವಾಗಲಿಲ್ಲ.

ಈ ಸುಗ್ಗಿಯ ವರ್ಷಗಳೇ ಕಪ್ಪುಪಟ್ಟಿಯ ವರ್ಷಗಳೂ ಹೌದು. 1950ರ ಜೂನ್‌ನಲ್ಲಿ ‘ರೆಡ್ ಚಾನೆಲ್ಸ್’ ಎಂಬ ಕಿರುಪುಸ್ತಕ ಹೊರಬಂತು. ರೇಡಿಯೊ, ಟಿವಿಯ 151 ಮಂದಿ ಕಮ್ಯುನಿಸ್ಟರ ಪರ ಇದ್ದಾರೆಂದು ಅದು ಸೂಚಿಸಿತ್ತು. ಇಂಥವರಿಗೆ ಕೆಲಸ ತಪ್ಪಿಸುವುದನ್ನು ಹಾಲಿವುಡ್ಡಿನಲ್ಲಿ ಸ್ಟುಡಿಯೋಗಳು ಮಾಡಿದರೆ ಇಲ್ಲಿ ಜಾಹೀರಾತುದಾರರು ಮಾಡಿದರು. ಸೋಪು, ಸಿಗರೇಟು ಮಾರುವ ಕಂಪನಿಗಳು ಅನುಮಾನಕ್ಕೊಳಗಾದ ನಟನ ಜೊತೆ ತಮ್ಮ ಹೆಸರು ಬರುವುದು ಬೇಡ ಎಂದವು. ‘ದಿ ಗೋಲ್ಡ್‌ಬರ್ಗ್ಸ್’ ಧಾರಾವಾಹಿಯಲ್ಲಿ ತಂದೆಯ ಪಾತ್ರ ಮಾಡುತ್ತಿದ್ದ ಫಿಲಿಪ್ ಲೋಬ್ ಕೆಲಸ ಕಳೆದುಕೊಂಡು 1955ರಲ್ಲಿ ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ರಂಗಭೂಮಿಯಲ್ಲಿ ಮಾತ್ರ ಪಟ್ಟಿಯ ಬಿಗಿ ಅಷ್ಟಿರಲಿಲ್ಲ, ಏಕೆಂದರೆ ಅಲ್ಲಿ ಜಾಹೀರಾತುದಾರನೇ ಇಲ್ಲ, ಟಿಕೆಟ್ ಕೊಂಡವನೇ ಧಣಿ. ಪಟ್ಟಿಗೆ ಸೇರಿದ್ದ ಝೀರೊ ಮಾಸ್ಟೆಲ್ ನಾಟಕಗಳ ಮೂಲಕವೇ ಮೇಲೆದ್ದು 1964ರ ‘ಫಿಡ್ಲರ್ ಆನ್ ದಿ ರೂಫ್’ನಲ್ಲಿ ಹೆಸರಾದರು. 1976ರಲ್ಲಿ ಕಪ್ಪುಪಟ್ಟಿಯನ್ನೇ ಕುರಿತ ‘ದಿ ಫ್ರಂಟ್’ ಚಿತ್ರ ಬಂದಾಗ ಅದರ ನಿರ್ದೇಶಕ, ಬರಹಗಾರ ಮತ್ತು ಮಾಸ್ಟೆಲ್ ಸೇರಿದಂತೆ ಕೆಲವು ನಟರ ಹೆಸರಿನ ಪಕ್ಕ ಅವರು ಪಟ್ಟಿಗೆ ಸೇರಿದ ವರ್ಷವನ್ನೂ ಬರೆಯಲಾಯಿತು.

1950ರ ದಶಕ ಮುಗಿಯುವ ಹೊತ್ತಿಗೆ ನೇರಪ್ರಸಾರ ಸೊರಗಿತು. ಫಿಲ್ಮಿನಲ್ಲಿ ತೆಗೆದ ಧಾರಾವಾಹಿಯನ್ನು ಮತ್ತೆ ಮತ್ತೆ ಮಾರಬಹುದಿತ್ತು, ನೇರಪ್ರಸಾರದ ನಾಟಕವನ್ನು ಹಾಗೆ ಮಾರಲಾಗುತ್ತಿರಲಿಲ್ಲ. ಕೌಬಾಯ್ ಕತೆಗಳೊಡನೆ ಟಿವಿ ನಾಟಕ ಲಾಸ್ ಏಂಜಲೀಸ್ ಸೇರಿತು. ಅನೇಕ ನಟರೂ ಹಿಂದೆಯೇ ಹೊರಟರು. ಉಳಿದವರ ಪಾಲಿಗೆ ಹಗಲಿನ ಧಾರಾವಾಹಿಗಳು ದೊರೆತವು. ರೇಡಿಯೊದಲ್ಲಿ 1937ರಲ್ಲಿ ಹುಟ್ಟಿದ ‘ಗೈಡಿಂಗ್ ಲೈಟ್’ 1952ರಲ್ಲಿ ಟಿವಿಗೆ ಬಂದಿತ್ತು. 1956ರಲ್ಲಿ ‘ಆ್ಯಸ್ ದಿ ವರ್ಲ್ಡ್ ಟರ್ನ್ಸ್’ ಸೇರಿಕೊಂಡಿತು. ಬೆಳಗ್ಗೆ ಸ್ಟುಡಿಯೋಗೆ ಹೋಗಿ, ಸಂಜೆ ರಂಗಮಂದಿರದಲ್ಲಿ ಬಣ್ಣ ಹಚ್ಚಿಕೊಳ್ಳುವುದು ಸಾಧ್ಯವಿದ್ದ ಕೆಲಸ ಅದು. ಬ್ರಾಡ್‌ವೇ ವಾರಕ್ಕೆ ಎಂಟು ಪ್ರದರ್ಶನ ಕೇಳುತ್ತದೆ, ಬುಧವಾರ ಮತ್ತು ಶನಿವಾರ ಮಧ್ಯಾಹ್ನವೂ ಆಟವಿರುವುದು ರೂಢಿ. ಆ ದಿನಗಳಿಗೆ ಹೊಂದುವಂತೆ ಚಿತ್ರೀಕರಣ ಜೋಡಿಸಿಕೊಳ್ಳುವುದೇ ಈ ನಟರ ಲೆಕ್ಕಾಚಾರವಾಗಿತ್ತು.

ಹಣದ ಏರ್ಪಾಡೂ ಆಗಲೇ ಗಟ್ಟಿಯಾಯಿತು. ಟಿವಿ ಕಾರ್ಯಕ್ರಮ ಮರುಪ್ರಸಾರವಾದಾಗ ನಟನಿಗೆ ಮತ್ತೆ ಹಣ ಸಲ್ಲಬೇಕೆಂಬ ಒಪ್ಪಂದವನ್ನು ತೆರೆ ನಟರ ಸಂಘ 1952ರಿಂದ ಮಾಡಿಕೊಳ್ಳತೊಡಗಿತು. ಮರುವರ್ಷ ಜಾಹೀರಾತುಗಳಿಗೂ ಒಪ್ಪಂದವಾಯಿತು. 1960ರ ಮಾರ್ಚ್‌ನಲ್ಲಿ ಸಂಘ ಸಿನಿಮಾ ಕಂಪನಿಗಳ ವಿರುದ್ಧ ಮುಷ್ಕರ ಹೂಡಿತು. ಆಗ ಸಂಘದ ಅಧ್ಯಕ್ಷ ರೊನಾಲ್ಡ್ ರೇಗನ್, ಮುಂದೆ ದೇಶದ ಅಧ್ಯಕ್ಷರಾದವರು. ಅದರ ಫಲವಾಗಿ, ಆ ವರ್ಷದಿಂದೀಚೆ ತಯಾರಾದ ಚಿತ್ರಗಳು ಟಿವಿಯಲ್ಲಿ ಬಂದಾಗ ನಟರಿಗೆ ಪಾಲು ಸಿಗುವಂತಾಯಿತು, ಪಿಂಚಣಿ ಮತ್ತು ಆರೋಗ್ಯ ನಿಧಿಯೂ ಆರಂಭವಾಯಿತು. ತಾರೆಗೆ ಇದು ಮೇಲುಖರ್ಚಿನ ಹಣ. ಪೋಷಕ ನಟನಿಗೆ ಹಾಗಲ್ಲ. ದೊಡ್ಡ ಕಂಪನಿಯೊಂದರ ಜಾಹೀರಾತಿನಲ್ಲಿ ಅರ್ಧ ನಿಮಿಷ ಕಾಣಿಸಿಕೊಂಡರೆ, ಅದು ಪ್ರಸಾರವಾದಷ್ಟು ಕಾಲ ಅಂಚೆಯಲ್ಲಿ ಚೆಕ್ ಬರುತ್ತಿತ್ತು, ಅದರ ಬಲದಲ್ಲಿ ಸಂಬಳ ಗಿಟ್ಟದ ಸಣ್ಣ ನಾಟಕವೊಂದನ್ನು ಒಪ್ಪಿಕೊಳ್ಳಬಹುದಿತ್ತು. ಪ್ರಯೋಗಶೀಲ ರಂಗಭೂಮಿಗೆ ಸೋಪಿನ ಜಾಹೀರಾತು ಹೀಗೆ ಮರೆಯಲ್ಲಿ ನಿಂತು ಪೋಷಕನಾಯಿತು.

ಕೆಲಸ ಹುಡುಕುವುದೇ ಒಂದು ಕೆಲಸ. ಎಂಟು ಇಂಚು ಅಗಲ ಹತ್ತು ಇಂಚು ಉದ್ದದ ಫೋಟೊ, ಅದರ ಬೆನ್ನಿಗೆ ಅಂಟಿಸಿದ ಅನುಭವದ ಪಟ್ಟಿ ಹಿಡಿದು ನಟರು ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದರು. ಆಡಿಷನ್ನುಗಳ ಸುದ್ದಿಗಾಗಿ 1960ರಲ್ಲಿ ಶುರುವಾದ ‘ಬ್ಯಾಕ್ ಸ್ಟೇಜ್’ ವಾರಪತ್ರಿಕೆ ಓದುತ್ತಿದ್ದರು. ಪಾತ್ರಕ್ಕೆ ನಟರನ್ನು ಆರಿಸುವ ಕೆಲಸವನ್ನು ಒಂದು ಕಲೆಯ ಮಟ್ಟಕ್ಕೆ ತಂದ ಮರಿಯನ್ ಡೋಹರ್ಟಿ ಇದೇ ಊರಿನಲ್ಲಿದ್ದರು. ‘ಕ್ರಾಫ್ಟ್’ ನಾಟಕಗಳ ಕಾಲದಿಂದ ಸಂಜೆಯೆಲ್ಲ ಸಣ್ಣ ರಂಗಮಂದಿರಗಳಲ್ಲಿ ಕೂತು ನಾಟಕ ನೋಡಿ, ಕಂಡ ನಟರ ಬಗ್ಗೆ ಕಾರ್ಡುಗಳಲ್ಲಿ ಟಿಪ್ಪಣಿ ಮಾಡಿಟ್ಟುಕೊಳ್ಳುತ್ತಿದ್ದರು. ಆಕೆಯ ಆಯ್ಕೆಗೆ ದೊಡ್ಡ ಬಯಲು ಸಿಕ್ಕಿದ್ದು ‘ನೇಕೆಡ್ ಸಿಟಿ’ಯಲ್ಲಿ. 1958ರಿಂದ 1963ರವರೆಗೆ ನಡೆದ ಈ ಪೊಲೀಸ್ ಧಾರಾವಾಹಿಯನ್ನು ನ್ಯೂಯಾರ್ಕಿನ ಬೀದಿಗಳಲ್ಲೇ ಚಿತ್ರೀಕರಿಸುತ್ತಿದ್ದರು. ಪ್ರತಿ ಕಂತಿಗೂ ಹೊಸ ಅಪರಾಧ, ಹೊಸ ಮುಖಗಳು. ರಾಬರ್ಟ್ ಡುವಾಲ್, ಡಸ್ಟಿನ್ ಹಾಫ್‌ಮನ್ ಹೆಸರಿಲ್ಲದ ದಿನಗಳಲ್ಲಿ ಇಲ್ಲಿ ಕಾಣಿಸಿಕೊಂಡರು. ಕಪ್ಪು ನಟರಿಗೆ ಬಾಗಿಲು ಇನ್ನೂ ಅರೆಬರೆಯಾಗಿಯೇ ತೆರೆದಿತ್ತು. 1963ರ ‘ಈಸ್ಟ್ ಸೈಡ್ ವೆಸ್ಟ್ ಸೈಡ್’ ಧಾರಾವಾಹಿಯಲ್ಲಿ ಸಿಸಿಲಿ ಟೈಸನ್ ಕಚೇರಿಯ ಕಾರ್ಯದರ್ಶಿಯಾಗಿ ಖಾಯಂ ಪಾತ್ರ ಪಡೆದದ್ದು ಆ ಕಾಲಕ್ಕೆ ಅಪರೂಪ. 1967ರಲ್ಲಿ ಹುಟ್ಟಿದ ನೀಗ್ರೊ ಆನ್ಸಾಂಬಲ್ ಕಂಪನಿ ಎಂಬ ನಾಟಕ ತಂಡ ಮುಂದಿನ ತಲೆಮಾರಿನ ಅನೇಕ ನಟರನ್ನು ತಯಾರು ಮಾಡಿತು.

ಸಿನಿಮಾ ಊರಿಗೆ ಮರಳಿದ್ದು ಒಂದು ಸರ್ಕಾರಿ ಆದೇಶದಿಂದ. ಬೀದಿಯಲ್ಲಿ ಕ್ಯಾಮೆರಾ ಇಡಲು ಹತ್ತಾರು ಇಲಾಖೆಗಳ ಅಪ್ಪಣೆ ಬೇಕಿದ್ದ ನ್ಯೂಯಾರ್ಕಿನಲ್ಲಿ 1966ರಲ್ಲಿ ಮೇಯರ್ ಜಾನ್ ಲಿಂಡ್ಸೆ ಅದಕ್ಕೆಂದೇ ಒಂದು ಕಚೇರಿ ತೆರೆದು, ಒಂದೇ ಪರವಾನಗಿ ಸಾಕು ಎಂದರು. 1970ರ ದಶಕದ ನ್ಯೂಯಾರ್ಕ್ ಚಿತ್ರಗಳ ಹಿಂದೆ ಈ ಅನುಕೂಲವಿದೆ. ‘ದಿ ಫ್ರೆಂಚ್ ಕನೆಕ್ಷನ್’ (1971), ‘ದಿ ಟೇಕಿಂಗ್ ಆಫ್ ಪೆಲ್ಹಮ್ ಒನ್ ಟೂ ತ್ರೀ’ (1974), ‘ಡಾಗ್ ಡೇ ಆಫ್ಟರ್‌ನೂನ್’ (1975) ಚಿತ್ರಗಳಲ್ಲಿ ಗೋಡೆ, ಬೀದಿಗಳಷ್ಟೇ ಮುಖಗಳೂ ಆ ಊರಿನವು. ‘ಫ್ರೆಂಚ್ ಕನೆಕ್ಷನ್’ನಲ್ಲಂತೂ ಮೂಲ ಪ್ರಕರಣದ ತನಿಖೆ ಮಾಡಿದ ಇಬ್ಬರು ಪೊಲೀಸರು, ಎಡ್ಡಿ ಈಗನ್ ಮತ್ತು ಸೋನಿ ಗ್ರೊಸೊ, ಸಣ್ಣ ಪಾತ್ರಗಳಲ್ಲಿದ್ದಾರೆ.

ಈ ಕಾಲದ ಪೋಷಕ ನಟನೆಯ ಉತ್ತುಂಗ ಜಾನ್ ಕಝಾಲ್. ಮ್ಯಾಸಚೂಸೆಟ್ಸ್‌ನಿಂದ ಬಂದು ನ್ಯೂಯಾರ್ಕಿನಲ್ಲಿ ತೈಲ ಕಂಪನಿಯೊಂದರ ಪತ್ರವಾಹಕನಾಗಿದ್ದಾಗ ಅಲ್ಲಿಯೇ ದುಡಿಯುತ್ತಿದ್ದ ಅಲ್ ಪಚೀನೊ ಪರಿಚಯವಾದ. 1968ರಲ್ಲಿ ಇಬ್ಬರೂ ಸಣ್ಣ ರಂಗಮಂದಿರದ ‘ದಿ ಇಂಡಿಯನ್ ವಾಂಟ್ಸ್ ದಿ ಬ್ರಾಂಕ್ಸ್’ ನಾಟಕದಲ್ಲಿ ಒಟ್ಟಿಗೆ ನಟಿಸಿ ಪ್ರಶಸ್ತಿ ಪಡೆದರು. ಆ ಮೇಲೆ ‘ಗಾಡ್‌ಫಾದರ್’ನ ಕೈಲಾಗದ ಅಣ್ಣ ಫ್ರೆಡೊ ಬಂದ. 1978ರಲ್ಲಿ, 42ನೇ ವಯಸ್ಸಿನಲ್ಲಿ, ತೀರಿಕೊಳ್ಳುವ ಮುಂಚೆ ಕಝಾಲ್ ಮಾಡಿದ್ದು ಐದೇ ಕಥಾಚಿತ್ರ. ಐದೂ ಅತ್ಯುತ್ತಮ ಚಿತ್ರದ ಆಸ್ಕರ್‌ಗೆ ನಾಮನಿರ್ದೇಶನಗೊಂಡವು. ಆತನಿಗೆ ಮಾತ್ರ ಒಂದು ನಾಮನಿರ್ದೇಶನವೂ ಬರಲಿಲ್ಲ.

ನಗರದ ಹಣಕಾಸು ದಿವಾಳಿಯ ಅಂಚಿಗೆ ಬಂದ ಅದೇ ದಶಕದಲ್ಲಿ ಕಲಾವಿದರಿಗೆ ಒಂದು ದೊಡ್ಡ ಉಪಕಾರವಾಯಿತು. 42 ಮತ್ತು 43ನೇ ಬೀದಿಗಳ ನಡುವೆ ಕಟ್ಟಿದ ಮ್ಯಾನ್‌ಹಟನ್ ಪ್ಲಾಜಾ ಎಂಬ ಎರಡು ಗೋಪುರಗಳ ವಸತಿ ಸಮುಚ್ಚಯಕ್ಕೆ, ಆಗಿನ ಆ ಬಡಾವಣೆಯ ಕುಖ್ಯಾತಿಯಿಂದಾಗಿ, ಅನುಕೂಲಸ್ಥ ಬಾಡಿಗೆದಾರರು ಬರುವ ಭರವಸೆ ಇರಲಿಲ್ಲ. 1977ರಲ್ಲಿ ಕೇಂದ್ರ ಸರ್ಕಾರದ ವಸತಿ ನೆರವಿನಡಿ ಅದರ 1,689 ಮನೆಗಳಲ್ಲಿ ಶೇ 70ನ್ನು ರಂಗಕಲಾವಿದರು ಮತ್ತು ರಂಗದ ಕೆಲಸಗಾರರಿಗೆ ಮೀಸಲಿಟ್ಟರು. ಬಾಡಿಗೆ ಅವರವರ ಆದಾಯಕ್ಕೆ ತಕ್ಕಂತೆ. ಕೆಲಸ ಸಿಕ್ಕ ವರ್ಷ ಹೆಚ್ಚು, ಸಿಗದ ವರ್ಷ ಕಡಿಮೆ. ಏರಿಳಿತವೇ ನಿಯಮವಾದ ಕಸುಬಿಗೆ ಇದಕ್ಕಿಂತ ಹೊಂದುವ ವಸತಿ ನೀತಿ ಕಷ್ಟ. ಸ್ಯಾಮ್ಯುಯೆಲ್ ಎಲ್. ಜಾಕ್ಸನ್ ಹೆಸರು ಮಾಡುವ ಮುಂಚೆ ಇದೇ ಕಟ್ಟಡದಲ್ಲಿ ಕಾವಲುಗಾರನಾಗಿದ್ದರು.

ಇಷ್ಟೆಲ್ಲ ಎಳೆಗಳೂ ಒಬ್ಬರಲ್ಲೇ ಕೂಡಿದ್ದನ್ನು ನೋಡಬೇಕಾದರೆ ಜೆರ್ರಿ ಆರ್ಬಾಕ್ ಅವರ ವೃತ್ತಿಜೀವನ ಸಾಕು. 1935ರಲ್ಲಿ ಬ್ರಾಂಕ್ಸ್‌ನಲ್ಲಿ ಹುಟ್ಟಿ, ಇಲಿನಾಯ್‌ನಲ್ಲಿ ಬೆಳೆದು, 1955ರಲ್ಲಿ ನ್ಯೂಯಾರ್ಕಿಗೆ ಮರಳಿದವರು. ‘ದಿ ತ್ರೀಪೆನಿ ಆಪೆರಾ’ದಲ್ಲಿ ಬದಲಿ ನಟನಾಗಿ ಸೇರಿ ಮುಖ್ಯ ಪಾತ್ರದವರೆಗೆ ಏರಿದರು. 1960ರಲ್ಲಿ ನೂರೈವತ್ತರಷ್ಟು ಆಸನಗಳ ಸಲಿವನ್ ಸ್ಟ್ರೀಟ್ ರಂಗಮಂದಿರದಲ್ಲಿ ‘ದಿ ಫ್ಯಾಂಟಾಸ್ಟಿಕ್ಸ್’ ಶುರುವಾದಾಗ ಅದರ ಸೂತ್ರಧಾರ ಪಾತ್ರ ಇವರದೇ. ಆ ನಾಟಕ 2002ರವರೆಗೆ, 17,162 ಪ್ರದರ್ಶನ ಕಂಡಿತು. ಆರ್ಬಾಕ್ ಮಾತ್ರ 1961ರಲ್ಲೇ ಬ್ರಾಡ್‌ವೇಗೆ ದಾಟಿದ್ದರು. 1969ರಲ್ಲಿ ‘ಪ್ರಾಮಿಸಸ್ ಪ್ರಾಮಿಸಸ್’ಗೆ ಟೋನಿ ಪ್ರಶಸ್ತಿ ಬಂತು. 1975ರ ‘ಶಿಕಾಗೊ’ದಲ್ಲಿ ಬಾಯಿಬಡುಕ ವಕೀಲ, 1980ರ ‘42ನೇ ಬೀದಿ’ಯಲ್ಲಿ ನಾಟಕ ನಿರ್ದೇಶಕ, ಎರಡೂ ಪಾತ್ರಗಳಿಗೆ ಮೊದಲು ಜೀವ ಕೊಟ್ಟವರು ಅವರು.

ರಂಗದ ಮೇಲೆ ಹೀಗೆ ನಾಯಕನಾದವರು ಕ್ಯಾಮೆರಾದ ಮುಂದೆ ಸದಾ ಎರಡನೆಯವರು, ಮೂರನೆಯವರು. ಉದ್ದ ಮುಖ, ಜೋತ ಕಣ್ಣು, ಬ್ರಾಂಕ್ಸ್‌ನ ಧ್ವನಿ ಅವರನ್ನು ಪೊಲೀಸ್ ಅಥವಾ ಪಾತಕಿಯ ಪಾತ್ರಕ್ಕೆ ಕಟ್ಟಿಹಾಕಿತು. 1971ರ ‘ದಿ ಗ್ಯಾಂಗ್ ದಟ್ ಕುಡನ್ಟ್ ಶೂಟ್ ಸ್ಟ್ರೇಟ್’ ಚಿತ್ರದಲ್ಲಿ ಅವರು ಮಾಡಿದ ಪಾತ್ರಕ್ಕೆ ಜೋಯಿ ಗ್ಯಾಲೊ ಎಂಬ ನಿಜವಾದ ಮಾಫಿಯಾ ಮನುಷ್ಯ ಮಾದರಿ. ಚಿತ್ರದ ನಂತರ ಇಬ್ಬರೂ ಗೆಳೆಯರಾದರು. ಗ್ಯಾಲೊನ ಮದುವೆ 1972ರಲ್ಲಿ ಆರ್ಬಾಕ್ ಅವರ ಮನೆಯಲ್ಲೇ ನಡೆಯಿತು. ಕೆಲವೇ ವಾರಗಳಲ್ಲಿ, ಆರ್ಬಾಕ್ ದಂಪತಿಯ ಜೊತೆ ರಾತ್ರಿ ಕಳೆದು ಮುಂದೆ ಹೋದ ಗ್ಯಾಲೊ ಉಂಬರ್ಟೋಸ್ ಎಂಬ ಹೋಟೆಲಿನಲ್ಲಿ ಗುಂಡಿಗೆ ಬಲಿಯಾದ. 1981ರಲ್ಲಿ ಲ್ಯೂಮೆಟ್ ತಮ್ಮ ‘ಪ್ರಿನ್ಸ್ ಆಫ್ ದಿ ಸಿಟಿ’ಯಲ್ಲಿ ಆರ್ಬಾಕ್‌ಗೆ ಪತ್ತೇದಾರನ ಪಾತ್ರ ಕೊಟ್ಟರು. ‘ಡರ್ಟಿ ಡ್ಯಾನ್ಸಿಂಗ್’ನಲ್ಲಿ (1987) ನಾಯಕಿಯ ತಂದೆ, ವೂಡಿ ಆ್ಯಲನ್‌ರ ‘ಕ್ರೈಮ್ಸ್ ಆ್ಯಂಡ್ ಮಿಸ್‌ಡಿಮೀನರ್ಸ್’ನಲ್ಲಿ (1989) ಕೊಲೆ ಮಾಡಿಸಿಕೊಡುವ ತಮ್ಮ, ‘ಬ್ಯೂಟಿ ಆ್ಯಂಡ್ ದಿ ಬೀಸ್ಟ್’ನಲ್ಲಿ (1991) ಮಾತಾಡುವ ಮೇಣದ ಬತ್ತಿಯ ಕಂಬ. ಅವರನ್ನೇ ನಾಯಕನಾಗಿಸಿದ ಟಿವಿ ಧಾರಾವಾಹಿ ‘ದಿ ಲಾ ಆ್ಯಂಡ್ ಹ್ಯಾರಿ ಮೆಕ್‌ಗ್ರಾ’ ಒಂದೇ ವರ್ಷಕ್ಕೆ ನಿಂತುಹೋಯಿತು.

ಡಿಕ್ ವುಲ್ಫ್ ರೂಪಿಸಿದ ‘ಲಾ ಆ್ಯಂಡ್ ಆರ್ಡರ್’ 1990ರ ಸೆಪ್ಟೆಂಬರ್‌ನಲ್ಲಿ ಎನ್‌ಬಿಸಿಯಲ್ಲಿ ಶುರುವಾಯಿತು. ಮೊದಲರ್ಧ ಪೊಲೀಸ್ ತನಿಖೆ, ಎರಡನೆಯರ್ಧ ನ್ಯಾಯಾಲಯ. ಒಳಾಂಗಣ ಚೆಲ್ಸಿ ಪಿಯರ್ಸ್‌ನ ಹಳೆಯ ಹಡಗುಕಟ್ಟೆಯಲ್ಲಿ, ಹೊರಾಂಗಣ ಊರತುಂಬ. ಮೊದಲ ಹಿರಿಯ ಪತ್ತೇದಾರನಾಗಿದ್ದ ಜಾರ್ಜ್ ಜುಂಜಾ ಲಾಸ್ ಏಂಜಲೀಸ್‌ನಿಂದ ಓಡಾಡಲಾರದೆ ಒಂದು ವರ್ಷಕ್ಕೆ ಬಿಟ್ಟರು. ಅವರ ಜಾಗಕ್ಕೆ ಬಂದ ಪಾಲ್ ಸೊರ್ವಿನೊ ಚಳಿಗಾಳಿಯ ಹೊರಾಂಗಣ ಚಿತ್ರೀಕರಣ ತಮ್ಮ ಸಂಗೀತದ ಕಂಠಕ್ಕೆ ಒಗ್ಗದೆಂದು ಹೊರನಡೆದರು. 1991ರಲ್ಲಿ ಒಂದು ಕಂತಿನಲ್ಲಿ ವಕೀಲನಾಗಿ ಬಂದು ಹೋಗಿದ್ದ ಆರ್ಬಾಕ್ 1992ರಲ್ಲಿ ಲೆನಿ ಬ್ರಿಸ್ಕೊ ಎಂಬ ಪತ್ತೇದಾರನಾಗಿ ಸೇರಿದರು. ಕುಡಿತ ಬಿಟ್ಟವನು, ಎರಡು ಮದುವೆ ಮುರಿದವನು, ಹೆಣದ ಮುಂದೆ ನಿಂತು ಒಣ ಹಾಸ್ಯದ ಒಂದು ಮಾತು ಎಸೆದು ಕೆಲಸಕ್ಕಿಳಿಯುವವನು. ಐವತ್ತೈದು ದಾಟಿದ ಮೇಲೆ ಸಿಕ್ಕ ಈ ಪಾತ್ರವನ್ನು ಅವರು 12 ವರ್ಷ ಮಾಡಿದರು. ಮನೆ 53ನೇ ಬೀದಿಯಲ್ಲಿ, ಕೆಲಸ ಅದೇ ಊರಲ್ಲಿ. ನಿಜವಾದ ಪೊಲೀಸರು ಬೀದಿಯಲ್ಲಿ ಅವರನ್ನು ತಮ್ಮವರಂತೆ ಮಾತಾಡಿಸುತ್ತಿದ್ದರು.

ಈ ಧಾರಾವಾಹಿ ಕಸುಬಿಗೆ ಮಾಡಿದ ಉಪಕಾರ ಆರ್ಬಾಕ್ ಒಬ್ಬರಿಗೆ ಸೀಮಿತವಲ್ಲ. ಪ್ರತಿ ಕಂತಿಗೂ ಸಾಕ್ಷಿಗಳು, ಶಂಕಿತರು, ಕಟ್ಟಡದ ಕಾವಲುಗಾರರು, ವೈದ್ಯರು, ನ್ಯಾಯಾಧೀಶರು ಬೇಕು. 2010ರಲ್ಲಿ ನಿಲ್ಲುವವರೆಗೆ 456 ಕಂತುಗಳು ಬಂದವು. 1999 ಮತ್ತು 2001ರಲ್ಲಿ ಅದರ ಕವಲುಗಳೂ ಇದೇ ಊರಿನಲ್ಲಿ ಆರಂಭವಾದವು. ಬ್ರಾಡ್‌ವೇ ನಾಟಕದ ಕರಪತ್ರದಲ್ಲಿ ನಟರ ಪರಿಚಯ ಓದಿದರೆ ಈ ಹೆಸರು ಇಲ್ಲದವರನ್ನು ಹುಡುಕಬೇಕಾಗಿತ್ತು. ಫಿಲಿಪ್ ಸೀಮೋರ್ ಹಾಫ್‌ಮನ್ ತೆರೆಯ ಮೇಲೆ ಮೊದಲು ಕಂಡದ್ದು 1991ರ ಒಂದು ಕಂತಿನಲ್ಲಿ. ಮೊದಲ ವರ್ಷ ಮಗನನ್ನು ಕಳೆದುಕೊಂಡ ತಾಯಿಯಾಗಿ ಬಂದ ಎಸ್. ಎಪಾಥಾ ಮರ್ಕರ್‌ಸನ್ 1993ರಲ್ಲಿ ಠಾಣೆಯ ಮುಖ್ಯಸ್ಥೆಯಾಗಿ ಮರಳಿ 2010ರವರೆಗೆ ಉಳಿದರು. ವಿಮರ್ಶಕರು ಈ ಧಾರಾವಾಹಿಯನ್ನು ಸಿದ್ಧ ಅಚ್ಚಿನದೆಂದು ಗೊಣಗಿದ್ದುಂಟು. ಅಚ್ಚು ಸಿದ್ಧವಿದ್ದುದರಿಂದಲೇ ಎರಡೇ ನಿಮಿಷದ ಪಾತ್ರದಲ್ಲಿ ಒಬ್ಬ ಪೂರ್ತಿ ಮನುಷ್ಯನನ್ನು ನಿಲ್ಲಿಸುವ ಹೊಣೆ ನಟರ ಮೇಲೆ ಬೀಳುತ್ತಿತ್ತು.

ಆರ್ಬಾಕ್ 2004ರ ಡಿಸೆಂಬರ್ 28ರಂದು ಕ್ಯಾನ್ಸರಿನಿಂದ ತೀರಿಕೊಂಡರು. ಬ್ರಾಡ್‌ವೇ ರಂಗಮಂದಿರಗಳು ದೀಪ ತಗ್ಗಿಸಿದವು. ತೆರೆ ನಟರ ಸಂಘ ಮರುವರ್ಷ ಮರಣೋತ್ತರವಾಗಿ ಉತ್ತಮ ನಟನ ಪ್ರಶಸ್ತಿ ಕೊಟ್ಟಿತು. ಅವರು ದಾನ ಮಾಡಿದ ಕಣ್ಣುಗಳಿಂದ ಇಬ್ಬರಿಗೆ ದೃಷ್ಟಿ ಬಂತು, ಕಣ್ಣಿನ ಬ್ಯಾಂಕು ಅದನ್ನೇ ಜಾಹೀರಾತು ಮಾಡಿತು. 2007ರಲ್ಲಿ 53ನೇ ಬೀದಿ ಮತ್ತು ಎಂಟನೇ ಅವೆನ್ಯೂ ಕೂಡುವಲ್ಲಿ ಅವರ ಹೆಸರಿನ ಫಲಕ ಹಾಕಿದರು.

ಅಷ್ಟರಲ್ಲಿ ಕೇಬಲ್ ಟಿವಿ ಇನ್ನೊಂದು ಬಾಗಿಲು ತೆರೆದಿತ್ತು. 1999ರಿಂದ 2007ರವರೆಗೆ ನಡೆದ ‘ದಿ ಸೊಪ್ರಾನೋಸ್’ ಧಾರಾವಾಹಿಯ ಒಳಾಂಗಣ ಕ್ವೀನ್ಸ್‌ನ ಸಿಲ್ವರ್‌ಕಪ್ ಸ್ಟುಡಿಯೋ. 1983ರಲ್ಲಿ ಸ್ಟುಡಿಯೋ ಆಗುವ ಮುಂಚೆ ಅದು ಬ್ರೆಡ್ ಕಾರ್ಖಾನೆ. ಕಹಿ ನಾಲಿಗೆಯ ತಾಯಿ ಲಿವಿಯಾ ಆಗಿ ಬಂದವರು ಸುಮಾರು ಅರ್ಧ ಶತಮಾನದ ಹಿಂದೆ ‘ಮಾರ್ಟಿ’ಯ ನೇರಪ್ರಸಾರದಲ್ಲಿದ್ದ ಅದೇ ನ್ಯಾನ್ಸಿ ಮರ್ಶಾಂಡ್. ನ್ಯೂಯಾರ್ಕ್ ರಾಜ್ಯ 2004ರಲ್ಲಿ ಚಿತ್ರೀಕರಣಕ್ಕೆ ತೆರಿಗೆ ರಿಯಾಯಿತಿ ಕೊಟ್ಟು, 2008ರಲ್ಲಿ ಅದನ್ನು ಶೇ 30ಕ್ಕೆ ಏರಿಸಿದ ಮೇಲೆ ಸ್ಟುಡಿಯೋಗಳು ಹೆಚ್ಚಿದವು. ಬ್ರೂಕ್ಲಿನ್‌ನ ಹಳೆಯ ನೌಕಾನೆಲೆಯಲ್ಲಿ 2004ರಲ್ಲೇ ಸ್ಟೈನರ್ ಸ್ಟುಡಿಯೋ ಎದ್ದಿತ್ತು.

ಆದರೆ ಹಳೆಯ ಅನ್ನದ ದಾರಿಗಳು ಮುಚ್ಚತೊಡಗಿದವು. 2009ರಲ್ಲಿ ‘ಗೈಡಿಂಗ್ ಲೈಟ್’, 2010ರಲ್ಲಿ ‘ಆ್ಯಸ್ ದಿ ವರ್ಲ್ಡ್ ಟರ್ನ್ಸ್’ ನಿಂತವು. 2012ರ ಆರಂಭಕ್ಕೆ ಪ್ರಸಾರ ಜಾಲಗಳ ಹಗಲು ಧಾರಾವಾಹಿ ಒಂದೂ ನ್ಯೂಯಾರ್ಕಿನಲ್ಲಿ ಉಳಿಯಲಿಲ್ಲ. ತೆರೆ ನಟರ ಮತ್ತು ಪ್ರಸಾರ ಕಲಾವಿದರ ಎರಡು ಸಂಘಗಳು ಅದೇ ವರ್ಷ ಒಂದಾದವು. ಇಂಟರ್‌ನೆಟ್ ವೇದಿಕೆಗಳು ಬಂದ ಮೇಲೆ ಧಾರಾವಾಹಿಗಳ ಸಂಖ್ಯೆ ಏರಿದರೂ ಕಂತುಗಳು ಇಪ್ಪತ್ತೆರಡರಿಂದ ಎಂಟು, ಹತ್ತಕ್ಕೆ ಇಳಿದವು. ಮರುಪ್ರಸಾರ ಎಂಬುದೇ ಇಲ್ಲದ ಆ ಏರ್ಪಾಡಿನಲ್ಲಿ ಮರುಸಂಭಾವನೆಯೂ ಕುಗ್ಗಿತು. ಕೆಲವೇ ಸೆಂಟುಗಳ ಚೆಕ್ಕುಗಳನ್ನು ನಟರು ಬಹಿರಂಗವಾಗಿ ತೋರಿಸಿದರು. ಸಂಘದ ಆರೋಗ್ಯ ವಿಮೆಗೆ ಅರ್ಹತೆ ಪಡೆಯಲು 2023ರಲ್ಲಿ ವರ್ಷಕ್ಕೆ 26,470 ಡಾಲರ್ ದುಡಿದಿರಬೇಕಿತ್ತು. ಬಹುಪಾಲು ಸದಸ್ಯರಿಗೆ ಅದು ಎಟುಕುತ್ತಿರಲಿಲ್ಲ.

ಆ ವರ್ಷದ ಜುಲೈ 14ರಂದು ಸಂಘ ಹೂಡಿದ ಮುಷ್ಕರ 118 ದಿನ ನಡೆಯಿತು. ಕಂಪನಿಗಳ ನ್ಯೂಯಾರ್ಕ್ ಕಚೇರಿಗಳ ಮುಂದೆ ಫಲಕ ಹಿಡಿದು ನಿಂತವರಲ್ಲಿ ಇಂಥ ನಟರೇ ಬಹಳ. ನವೆಂಬರ್ 9ರಂದು ಮುಗಿದ ಮುಷ್ಕರದ ಒಪ್ಪಂದದಲ್ಲಿ ಹೆಚ್ಚು ಜನ ನೋಡಿದ ಇಂಟರ್‌ನೆಟ್ ಧಾರಾವಾಹಿಗಳಿಗೆ ಬೋನಸ್ ಸೇರಿತು. ನಟನ ಮುಖ, ಮೈಕಟ್ಟನ್ನು ಕಂಪ್ಯೂಟರಿನಲ್ಲಿ ಪಡಿಯಚ್ಚು ಮಾಡಿ ಬಳಸಲು ಅವನ ಒಪ್ಪಿಗೆ ಮತ್ತು ಸಂಭಾವನೆ ಕಡ್ಡಾಯ ಎಂಬ ನಿಯಮವೂ ಬಂತು. 2022ರ ಫೆಬ್ರುವರಿಯಲ್ಲಿ ಬಹುಪಾಲು ಹೊಸ ತಂಡದೊಡನೆ ಮರುಹುಟ್ಟು ಪಡೆದಿದ್ದ ‘ಲಾ ಆ್ಯಂಡ್ ಆರ್ಡರ್’ ಮುಷ್ಕರದ ನಂತರ 2024ರ ಜನವರಿಯಲ್ಲಿ ಮತ್ತೆ ತೆರೆಗೆ ಬಂದಿತು.